ಹಾಡು ನನಗಿಷ್ಟ, ಹಾಡಿದವರ ರಾಜಕೀಯ ಬೇರೆ: ಸಂಪ್ರದಾಯವಾದಿಗಳು ಏನು ಕೇಳುತ್ತೀರಿ?

ಹಳೇ ಕ್ಯಾಸೆಟ್

ನಾನು ರಾಜಕೀಯದಲ್ಲಿ ಸಂಪ್ರದಾಯವಾದಿ. ಈ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಕೊಡುತ್ತಾರೆ, ಹಾಗಾಗಿ ನನ್ನ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಹಿಂದಿನವರು ಬಿಟ್ಟುಹೋದದ್ದರಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕು. ಬದಲಾವಣೆ ನಿಧಾನಕ್ಕೆ ಆಗಬೇಕು. ಸರ್ಕಾರ ಜನರ ಬದುಕಿನಲ್ಲಿ ಜಾಸ್ತಿ ತಲೆ ಹಾಕಬಾರದು. ಒಬ್ಬರು ದುಡಿದು ಮಾಡಿಕೊಂಡದ್ದು ಅವರದೇ. ಇಷ್ಟೇ.

ನಾನು ದಿನಾ ಕೇಳುವವರಲ್ಲಿ ಮೊದಲ ಜಾಗ ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್‌ಗೆ. ಆಮೇಲೆ ಅಮೆರಿಕದ ಕಂಟ್ರಿ, ಅಂದರೆ ಅಲ್ಲಿನ ಹಳ್ಳಿಗಾಡಿನ ಶೈಲಿಯ, ಗಾಯಕರಾದ ಮರ್ಲ್ ಹ್ಯಾಗರ್ಡ್, ಜಾನಿ ಕ್ಯಾಶ್. ಎಸ್ಟೋನಿಯಾದ ಸಂಗೀತ ರಚನೆಕಾರ ಆರ್ವೊ ಪ್ಯಾರ್ಟ್. ಇವರ ಪಕ್ಕದಲ್ಲೇ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಈ ಕೊನೆಯ ಹೆಸರು ಕೇಳಿದರೆ ನನ್ನ ಕಡೆಯ ಗೆಳೆಯರು ಮುಖ ಸಿಂಡರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಅವರು ಮ್ಯಾಂಚೆಸ್ಟರ್‌ನ ವೇದಿಕೆಯ ಮೇಲೆ ನಿಂತು ಟ್ರಂಪ್ ಸರ್ಕಾರವನ್ನು ಕಟುವಾಗಿ ಬೈದರು. ಟ್ರಂಪ್ ಕೂಡ ಅಷ್ಟೇ ಕಟುವಾಗಿ ತಿರುಗಿಸಿ ಬೈದರು. ಆ ವಾರ ನನ್ನ ಗೆಳೆಯನೊಬ್ಬ ಸ್ಪ್ರಿಂಗ್‌ಸ್ಟೀನ್ ಹಾಡುಗಳನ್ನೆಲ್ಲ ಅಳಿಸಿ ಹಾಕಿದ. ನನ್ನಿಂದ ಆಗಲಿಲ್ಲ. ಕಾರ್ಖಾನೆ ಮುಚ್ಚಿದ ಊರು, ಕೆಲಸ ಕಳೆದುಕೊಂಡ ಅಪ್ಪ, ಮುರಿಯದ ಮದುವೆ, ಇವುಗಳ ಬಗ್ಗೆ ಅವರಷ್ಟು ಮನಸ್ಸಿಟ್ಟು ಬರೆದವರು ಕಡಿಮೆ. ಮನೆ, ಊರು, ದುಡಿಮೆಯ ಮರ್ಯಾದೆ, ನಾನು ಉಳಿಸಬೇಕು ಅನ್ನುವುದೂ ಇವನ್ನೇ ಅಲ್ವಾ?

ಆದರೆ ನಾನು ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ. ಚುನಾವಣಾ ಸಭೆಗಳಲ್ಲಿ ಹಾಡು ಹಾಕುವ ವಿಚಾರ. 1984ರ ಸೆಪ್ಟೆಂಬರ್‌ನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಚುನಾವಣಾ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನ್ ಹೆಸರು ಎತ್ತಿ, ಅವರ ಹಾಡುಗಳಲ್ಲಿ ಭರವಸೆಯ ಸಂದೇಶ ಇದೆ ಅಂದರು. ಆಗ ಎಲ್ಲರ ಬಾಯಲ್ಲೂ ಇದ್ದ ಅವರ ‘ಬಾರ್ನ್ ಇನ್ ದ ಯುಎಸ್ಎ’ ಹಾಡು ವಿಯೆಟ್ನಾಂ ಯುದ್ಧದಿಂದ ಮರಳಿ ಬಂದು ಕೆಲಸ ಸಿಗದೆ ಅಲೆಯುವ ಸೈನಿಕನದು. ಪಲ್ಲವಿ ಮಾತ್ರ ಕೇಳಿದರೆ ದೇಶಭಕ್ತಿ, ಚರಣ ಕೇಳಿದರೆ ನೋವು. ರೇಗನ್ ಅವರನ್ನು ನಾನು ತುಂಬಾ ಮೆಚ್ಚುತ್ತೇನೆ. ಆದರೂ ಅವತ್ತು ಅವರ ಕಡೆಯವರು ಚರಣ ಕೇಳಬೇಕಿತ್ತು.

ಈಗ ಇದು ಕೋರ್ಟಿಗೂ ಹೋಗಿದೆ. 1966ರಲ್ಲಿ ಐಸಾಕ್ ಹೇಯ್ಸ್ ಮತ್ತು ಡೇವಿಡ್ ಪೋರ್ಟರ್ ಸೇರಿ ಬರೆದ ಹಾಡೊಂದನ್ನು ಟ್ರಂಪ್ ಸಭೆಗಳಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಹೇಯ್ಸ್ ಕುಟುಂಬ ಬೇಡ ಅಂದಿತು, ನಿಲ್ಲಿಸಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾದ ನ್ಯಾಯಾಧೀಶರು ಮಧ್ಯಂತರ ತಡೆ ಕೊಟ್ಟರು. ನಮ್ಮವರಲ್ಲಿ ಎಷ್ಟೋ ಜನ ಆ ಕುಟುಂಬವನ್ನೇ ಬೈದರು. ನನಗೆ ಅದು ಸರಿ ಅನ್ನಿಸಲಿಲ್ಲ. ಅಪ್ಪ ಕಟ್ಟಿದ ಮನೆಗೆ ಮಕ್ಕಳು ಬೀಗ ಹಾಕಬಹುದು ಅನ್ನುವವರು ನಾವು. ಅಪ್ಪ ಕಟ್ಟಿದ ಹಾಡಿಗೆ ಯಾಕೆ ಬೇರೆ ನ್ಯಾಯ? ಆಸ್ತಿಹಕ್ಕಿನ ಮಾತು ಆಡುವವರು ಇಂಥ ಕಡೆ ಎಲ್ಲರಿಗಿಂತ ಮೊದಲು ದನಿ ಎತ್ತಬೇಕು. ತಪ್ಪು ಮಾಡಿದ್ದು ನಮ್ಮ ಕಡೆಯವರಾದರೆ ಇನ್ನೂ ಜೋರಾಗಿ.

ನೀವು ಏನು ಕೇಳುತ್ತೀರಿ? ಹಾಡಿದವರ ರಾಜಕೀಯ ನಿಮಗೆ ಅಡ್ಡ ಬರುತ್ತದಾ?

ಇಯರ್‌ಫೋನ್

ನಾನೂ ನಿಮ್ಮ ಕಡೆಯವನೇ, ಆದರೆ ಒಂದು ಮಾತು ಒಪ್ಪಲಾರೆ. ನಿಮ್ಮ ಗೆಳೆಯ ಮಾಡಿದ್ದು ಸರಿ. ಹಾಡುಗಾರರಿಗೆ ಮಾತಾಡುವ ಹಕ್ಕಿದೆ. ಕೇಳುಗನಿಗೆ ಎದ್ದು ಹೋಗುವ ಹಕ್ಕಿದೆ. ವೇದಿಕೆಯ ಮೇಲಿಂದ ನನಗೆ ಪಾಠ ಹೇಳಿದರೆ ನಾನು ಟಿಕೆಟ್ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಇದನ್ನು ದಬ್ಬಾಳಿಕೆ ಅಂತ ಯಾಕೆ ಕರೆಯಬೇಕು?

2003ರ ಡಿಕ್ಸಿ ಚಿಕ್ಸ್ ಅನ್ನುವ ಕಂಟ್ರಿ ತಂಡದ ವಿಷಯ ನೆನಪಿರಬೇಕು. ಇರಾಕ್ ಯುದ್ಧ ಶುರುವಾಗುವ ಕೆಲವೇ ದಿನ ಮೊದಲು, ಅವರ ಗಾಯಕಿ ಲಂಡನ್‌ನಲ್ಲಿ ನಿಂತು, ಅಧ್ಯಕ್ಷರು ನಮ್ಮ ಟೆಕ್ಸಸ್‌ನವರು ಅನ್ನೋದಕ್ಕೆ ನಾಚಿಕೆಯಾಗುತ್ತದೆ ಅನ್ನುವ ಮಾತು ಹೇಳಿದರು. ಪರದೇಶದಲ್ಲಿ, ಯುದ್ಧದ ಹೊಸ್ತಿಲಲ್ಲಿ. ಕಂಟ್ರಿ ರೇಡಿಯೋ ಕೇಳುವವರಿಗೆ ನೋವಾಯಿತು, ರೇಡಿಯೋದವರು ಅವರ ಹಾಡು ನಿಲ್ಲಿಸಿದರು. ಸರ್ಕಾರ ನಿಲ್ಲಿಸಿ ಅನ್ನಲಿಲ್ಲವಲ್ಲ.

ಅಂದಹಾಗೆ ನನ್ನ ಇಷ್ಟದವರು ಹ್ಯಾಗರ್ಡ್ ಮತ್ತು ಜಾರ್ಜ್ ಜೋನ್ಸ್. ಜೋನ್ಸ್ ಕಂಠದಲ್ಲಿರುವ ಆ ನಡುಕ ಈಗಿನ ಯಾರಲ್ಲೂ ಇಲ್ಲ.

ಹಳೇ ಕ್ಯಾಸೆಟ್

ಹಕ್ಕು ಇದೆ, ಒಪ್ಪಿದೆ. ನಾನೂ ಕೆಲವರನ್ನು ಕೇಳುವುದು ಬಿಟ್ಟಿದ್ದೇನೆ. ಆದರೆ ನಿಮ್ಮ ಹ್ಯಾಗರ್ಡ್ ಅವತ್ತು ಏನು ಮಾಡಿದರು ನೋಡಿ. 1969ರಲ್ಲಿ ಹಿಪ್ಪಿಗಳ ವಿರುದ್ಧ, ಸಣ್ಣ ಊರಿನ ಪರವಾಗಿ ಹಾಡಿ ಇಡೀ ಬಲಪಂಥದ ದನಿ ಅನ್ನಿಸಿಕೊಂಡವರು ಅವರು. ಹರೆಯದಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿದ್ದ ಅವರಿಗೆ 1972ರಲ್ಲಿ ಪೂರ್ತಿ ಕ್ಷಮೆ ಕೊಟ್ಟದ್ದು ಕ್ಯಾಲಿಫೋರ್ನಿಯಾ ಗವರ್ನರ್ ಆಗಿದ್ದ ರೇಗನ್. ಅಂಥ ಹ್ಯಾಗರ್ಡ್ 2003ರಲ್ಲಿ ಆ ಹೆಣ್ಣುಮಕ್ಕಳ ಪರ ನಿಂತರು. ಅಭಿಪ್ರಾಯ ಹೇಳಿದ್ದಕ್ಕೆ ಹೀಗೆ ಎಲ್ಲರೂ ಸೇರಿ ಮುಗಿಬೀಳುವುದು ತಪ್ಪು ಅಂದರು.

ನನಗೆ ಹ್ಯಾಗರ್ಡ್ ಅವರ ಹಾಡಿಗಿಂತ ಒಂದು ತೂಕ ಹೆಚ್ಚು ಇಷ್ಟವಾಗುವುದು ಈ ನಡತೆ. ಕ್ಯಾಶ್ ಕೂಡ ಹಾಗೇ. 1970ರ ಏಪ್ರಿಲ್‌ನಲ್ಲಿ ಅಧ್ಯಕ್ಷ ನಿಕ್ಸನ್ ಕ್ಯಾಶ್ ಅವರನ್ನು ಶ್ವೇತಭವನಕ್ಕೆ ಹಾಡಲು ಕರೆದರು. ಅಧ್ಯಕ್ಷರ ಕಚೇರಿಯಿಂದ ಇಂಥಿಂಥ ಹಾಡು ಬೇಕು ಅಂತ ಬೇಡಿಕೆಯೂ ಬಂತು. ಅದರಲ್ಲಿ ಒಂದು ಸರ್ಕಾರದ ನೆರವು ಪಡೆಯುವ ಬಡವರನ್ನು ಆಡಿಕೊಳ್ಳುವ ಹಾಡು. ಇನ್ನೊಂದು ಹ್ಯಾಗರ್ಡ್ ಅವರ ಅದೇ ಪ್ರಸಿದ್ಧ ಹಾಡು. ಕ್ಯಾಶ್ ಎರಡನ್ನೂ ಹಾಡಲಿಲ್ಲ. ಅದರ ಬದಲು, ಕಿರಿಯರು ಕೇಳುವ ಪ್ರಶ್ನೆಗಳ ಬಗ್ಗೆ ತಾವೇ ಬರೆದದ್ದನ್ನು ಹಾಡಿದರು. ಅಧ್ಯಕ್ಷರಿಗೆ ಅವಮಾನ ಮಾಡಲಿಲ್ಲ, ಹೇಳಿದಂತೆ ಕೇಳಲೂ ಇಲ್ಲ. ಕಲಾವಿದ ಅಧಿಕಾರದ ಮುಂದೆ ಹೇಗೆ ನಿಲ್ಲಬೇಕು ಅಂತ ಯಾರಾದರೂ ಕೇಳಿದರೆ ನಾನು ಆ ಸಂಜೆಯ ಕಥೆ ಹೇಳುತ್ತೇನೆ.

ಎಡಗಡೆಯವಳು

ನಾನು ನಿಮ್ಮ ಗುಂಪಿನವಳಲ್ಲ. ಆದರೆ ಬರೆದದ್ದರಲ್ಲಿ ಪ್ರಾಮಾಣಿಕತೆ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಸಂಪ್ರದಾಯದ ಹೆಸರಲ್ಲೇ ಅಲ್ಲವೇ ಸಂಗೀತದ ಬಾಯಿ ಮುಚ್ಚಿಸಿರುವುದು? 1979ರ ನಂತರ ಇರಾನ್‌ನ ರೇಡಿಯೋದಲ್ಲಿ ಸಂಗೀತ ನಿಂತಿತು. ಅಲ್ಲಿ ಹೆಂಗಸರು ಗಂಡಸರ ಎದುರು ಒಬ್ಬರೇ ಹಾಡುವ ಹಾಗಿಲ್ಲ. ತಾಲಿಬಾನ್ ಮೊದಲ ಸಲ ಅಧಿಕಾರದಲ್ಲಿದ್ದಾಗ ವಾದ್ಯಗಳನ್ನು ಒಡೆದು ಹಾಕಿತು. 2021ರಲ್ಲಿ ಮತ್ತೆ ಬಂದ ಮೇಲೆ ಮತ್ತೆ ಅದೇ, ವಾದ್ಯಗಳನ್ನು ರಾಶಿ ಹಾಕಿ ಸುಟ್ಟದ್ದನ್ನು ಜಗತ್ತೇ ನೋಡಿತು. ಅಷ್ಟು ದೂರ ಬೇಡ ಅಂದರೆ ಅಮೆರಿಕದಲ್ಲೇ 1985ರಲ್ಲಿ ಸೆನೆಟ್ ವಿಚಾರಣೆ ನಡೆಯಿತು. ಹಾಡಿನ ಮಾತು ಮಕ್ಕಳನ್ನು ಕೆಡಿಸುತ್ತದೆ ಅಂತ. ಹಾಡುಗಳ ಮೇಲೆ ಎಚ್ಚರಿಕೆ ಚೀಟಿ ಬಂದದ್ದು ಅಲ್ಲಿಂದಲೇ. ಉಳಿಸುವುದು ಅನ್ನುವ ಮಾತು ಎಲ್ಲಿ ನಿಂತು, ಅಳಿಸುವುದು ಎಲ್ಲಿ ಶುರುವಾಗುತ್ತದೆ?

ಹಳೇ ಕ್ಯಾಸೆಟ್

ಒಳ್ಳೆಯ ಪ್ರಶ್ನೆ ಕೇಳಿದಿರಿ. ಸುಮ್ನೆ ಜಾರಿಕೊಳ್ಳುವುದಿಲ್ಲ.

ತಾಲಿಬಾನ್ ಮಾಡಿದ್ದನ್ನು ನಾನು ಸಂಪ್ರದಾಯ ಅನ್ನುವುದಿಲ್ಲ. ಅಫ್ಘಾನಿಸ್ತಾನದ ರಬಾಬ್ ವಾದ್ಯ ಶತಮಾನಗಳಷ್ಟು ಹಳೆಯದು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ. ಅದನ್ನು ಬೆಂಕಿಗೆ ಹಾಕುವವನು ಸಂಪ್ರದಾಯವನ್ನೇ ಸುಡುತ್ತಿದ್ದಾನೆ. ಬ್ರಿಟನ್ನಿನ ಸಂಪ್ರದಾಯವಾದಿ ಚಿಂತಕ ಎಡ್ಮಂಡ್ ಬರ್ಕ್ 1790ರಲ್ಲೇ ಬರೆದಿದ್ದರು, ಸಮಾಜ ಅನ್ನೋದು ಸತ್ತವರು, ಬದುಕಿರುವವರು, ಇನ್ನೂ ಹುಟ್ಟದವರು ಮೂವರ ಪಾಲುದಾರಿಕೆ ಅಂತ. ವಾದ್ಯ ಸುಡುವವನು ಮೂವರಿಗೂ ಮೋಸ ಮಾಡುತ್ತಾನೆ.

1985ರ ವಿಚಾರಣೆ ಬಗ್ಗೆ ಒಂದು ತಿದ್ದುಪಡಿ. ಅದು ಬಲಪಂಥದ್ದು ಮಾತ್ರ ಅಲ್ಲ. ಮುಂದೆ ನಿಂತವರಲ್ಲಿ ಒಬ್ಬರು ಡೆಮಾಕ್ರಟ್ ಸೆನೆಟರ್ ಆಲ್ ಗೋರ್ ಅವರ ಹೆಂಡತಿ ಟಿಪ್ಪರ್ ಗೋರ್, ಇನ್ನೊಬ್ಬರು ರೇಗನ್ ಸರ್ಕಾರದ ಹಣಕಾಸು ಮಂತ್ರಿಯ ಹೆಂಡತಿ ಸೂಸನ್ ಬೇಕರ್. ಎದುರು ಸಾಕ್ಷಿ ಹೇಳಿದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ತಮ್ಮನ್ನು ತಾವು ಸಂಪ್ರದಾಯವಾದಿ ಅಂತಲೇ ಕರೆದುಕೊಳ್ಳುತ್ತಿದ್ದರು. ಗಾಯಕ ಜಾನ್ ಡೆನ್ವರ್ ಕೂಡ ಹೋಗಿದ್ದರು. ಬೆಟ್ಟದ ಮೇಲಿನ ಸಂತೋಷದ ಬಗ್ಗೆ ತಾವು ಬರೆದ ಹಾಡನ್ನು ಕೆಲವು ರೇಡಿಯೋದವರು ಮಾದಕವಸ್ತುವಿನ ಹಾಡು ಅಂತ ತಪ್ಪು ತಿಳಿದು ನಿಲ್ಲಿಸಿದ್ದರು ಅಂತ ಹೇಳಿಕೊಂಡರು. ಆ ಎಚ್ಚರಿಕೆ ಚೀಟಿ ನನಗೆ ತಪ್ಪು ಅನ್ನಿಸುವುದಿಲ್ಲ. ಕಂಪನಿಗಳು ತಾವೇ ಒಪ್ಪಿ ಹಾಕಿದ್ದು. ಅಪ್ಪ ಅಮ್ಮನಿಗೆ ಡಬ್ಬದೊಳಗೆ ಏನಿದೆ ಅಂತ ಗೊತ್ತಾಗಬೇಕು. ಡಬ್ಬವನ್ನೇ ಕಿತ್ತುಕೊಳ್ಳುವುದು ಬೇರೆ.

ಇನ್ನೊಂದು ಕಡೆಯನ್ನೂ ನೋಡಿ. 1936ರ ಜನವರಿಯಲ್ಲಿ ಸೋವಿಯತ್ ಪತ್ರಿಕೆ ಪ್ರಾವ್ದಾ ಸಂಗೀತ ರಚನೆಕಾರ ಶೋಸ್ತಕೋವಿಚ್ ಅವರ ಒಪೆರಾವನ್ನು (ಹಾಡಿನ ನಾಟಕವನ್ನು) ಗೊಂದಲ ಅಂತ ಹಳಿದು ಲೇಖನ ಹಾಕಿತು. ಅದರ ಕೆಳಗೆ ಹೆಸರಿರಲಿಲ್ಲ. ಹೆಸರಿಲ್ಲದ ಲೇಖನ ಅಂದರೆ ಸರ್ಕಾರದ ಮಾತು. ಆ ಕಾಲದಲ್ಲಿ ಅದಕ್ಕೆ ಏನು ಅರ್ಥ ಅಂತ ಹೇಳಬೇಕಿಲ್ಲ. ಆಗ ಸೋವಿಯತ್ ಆಳ್ವಿಕೆಯಲ್ಲಿದ್ದ ಎಸ್ಟೋನಿಯಾದಲ್ಲಿ ಪ್ಯಾರ್ಟ್ 1968ರಲ್ಲಿ ಕ್ರಿಸ್ತನ ಮೇಲಿನ ನಂಬಿಕೆಯನ್ನು ನೇರವಾಗಿ ಹೇಳುವ ಕೃತಿ ಮಾಡಿದರು, ಅದನ್ನೂ ತಡೆದರು. 1976ರಲ್ಲಿ ಜೆಕೋಸ್ಲೊವಾಕಿಯಾ ಉದ್ದ ಕೂದಲಿನ ರಾಕ್ ತಂಡವೊಂದನ್ನು ಕೋರ್ಟಿಗೆ ಎಳೆದು ಜೈಲಿಗೆ ಹಾಕಿತು. ಆ ಹುಡುಗರಿಗೆ ರಾಜಕೀಯ ಬೇಕಿರಲಿಲ್ಲ, ತಮ್ಮ ಪಾಡಿಗೆ ಬಾರಿಸಿಕೊಂಡಿದ್ದರು. ಅವರ ಪರ ಸೇರಿದ ಜನರಿಂದಲೇ ಮರುವರ್ಷ ಚಾರ್ಟರ್ 77 ಅನ್ನುವ ಮಾನವ ಹಕ್ಕುಗಳ ಚಳವಳಿ ಹುಟ್ಟಿತು, ಅದರಲ್ಲಿ ಮುಂದೆ ಆ ದೇಶದ ಅಧ್ಯಕ್ಷರಾದ ನಾಟಕಕಾರ ಹಾವೆಲ್ ಇದ್ದರು. ಕೆಲವು ವರ್ಷ ಕಳೆದ ಮೇಲೆ ಅದೇ ದೇಶಕ್ಕೆ ಗುಟ್ಟಾಗಿ ಹೋಗಿ ಪಾಠ ಹೇಳಿದವರಲ್ಲಿ ಇಂಗ್ಲೆಂಡಿನ ರೋಜರ್ ಸ್ಕ್ರೂಟನ್ ಒಬ್ಬರು. ನಮ್ಮ ಕಾಲದ ದೊಡ್ಡ ಸಂಪ್ರದಾಯವಾದಿ ಚಿಂತಕ. ಪಾಪ್ ಸಂಗೀತವನ್ನು ಅವರಷ್ಟು ಖಂಡಿಸಿ ಬರೆದವರಿಲ್ಲ. ಆದರೂ ಜನರ ಬಾಯಿ ಮುಚ್ಚಿಸುವ ಸರ್ಕಾರದ ಎದುರು ಯಾವ ಕಡೆ ನಿಲ್ಲಬೇಕು ಅನ್ನೋದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಅಲ್ಲಿನ ಬರ್ನೋ ಊರಿನಲ್ಲಿ ಅವರನ್ನು ಹಿಡಿದು ದೇಶದಿಂದ ಹೊರಗೆ ಹಾಕಿದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನನಗೆ ಇಷ್ಟವಿಲ್ಲದ್ದನ್ನು ನಾನು ಕೇಳದೇ ಇರುವುದು, ನನ್ನ ಮಕ್ಕಳಿಗೆ ಬೇರೆ ಹಾಡು ಕೇಳಿಸುವುದು, ಇದು ಉಳಿಸುವುದು. ಪೊಲೀಸರನ್ನು ಕರೆಯುವ ಕ್ಷಣದಿಂದ ಅದು ಅಳಿಸುವುದು.

ಎಡಗಡೆಯವಳು

ಪೊಲೀಸರ ಮಾತು ಒಪ್ಪಿದೆ. ರೇಡಿಯೋ ನಿಲ್ಲಿಸುವುದರ ಬಗ್ಗೆ ಇನ್ನೂ ಜಗಳ ಇದೆ. ನೂರಾರು ಸ್ಟೇಷನ್‌ಗಳು ಒಂದೇ ಕಂಪನಿಯ ಕೈಯಲ್ಲಿದ್ದಾಗ ಕೇಳುಗ ಎದ್ದು ಹೋಗುವುದು ಎಲ್ಲಿಗೆ? ಎಲ್ಲಾ ಬಾಗಿಲೂ ಒಬ್ಬನದೇ.

ಇಯರ್‌ಫೋನ್

ಆ ಮಾತಿನಲ್ಲಿ ಹುರುಳಿದೆ. 1996ರ ಕಾನೂನು ಬಂದ ಮೇಲೆ ಅಮೆರಿಕದಲ್ಲಿ ಒಂದೇ ಕಂಪನಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು, ದೇಶಮಟ್ಟದ ಮಿತಿ ಹೋಯಿತು. ಊರಿನ ದನಿ ಹೋಗಿ ಎಲ್ಲಾ ಕಡೆ ಒಂದೇ ದನಿ ಬಂದದ್ದು ಸಂಪ್ರದಾಯವಾದಿಗೂ ನಷ್ಟವೇ.

ಕೊಳಲು ಕಲಿಸುವವಳು

ನಾನು ಸಂಗೀತದಿಂದಲೇ ಬದುಕುವವಳು. ರೆಕಾರ್ಡಿಂಗ್‌ಗೂ ಹೋಗುತ್ತೇನೆ. ಒಮ್ಮೆ ನಾನು ನುಡಿಸಿದ ತುಣುಕು ನನಗೆ ಹೇಳದೆ ಕೇಳದೆ ಬೇರೊಂದು ಜಾಹೀರಾತಿನಲ್ಲಿ ಬಂತು. ಕೇಳಲು ಹೋದರೆ ಸಹಿ ಹಾಕಿದ ಕಾಗದ ತೋರಿಸಿದರು. ಆ ಕಾಗದವನ್ನು ಓದಲು ನನಗೆ ಸಮಯವೇ ಕೊಟ್ಟಿರಲಿಲ್ಲ. ಹಾಗಾಗಿ ಹಾಡು ಆಸ್ತಿ ಅನ್ನುವ ನಿಮ್ಮ ಮಾತು ನನ್ನ ಮನಸ್ಸಿಗೆ ತಟ್ಟಿತು.

ಆದರೆ ಈಗಿನ ದೊಡ್ಡ ಭಯ ಸಭೆಯಲ್ಲಿ ಹಾಡು ಹಾಕುವುದಲ್ಲ ಸರ್. ಕೃತಕ ಬುದ್ಧಿಮತ್ತೆ. ನಾನು ಇಪ್ಪತ್ತು ವರ್ಷ ಕೂತು ಕಲಿತ ಉಸಿರನ್ನು ಯಂತ್ರ ಕೆಲವೇ ಕ್ಷಣದಲ್ಲಿ ನಕಲು ಮಾಡುತ್ತದೆ. ನಿಮ್ಮ ರಾಜಕಾರಣಿಗಳು ಇದಕ್ಕೆ ಏನು ಹೇಳುತ್ತಾರೆ? ವ್ಯಾಪಾರ ಬೆಳೆಯಲಿ ಅಂತಾರಾ, ಆಸ್ತಿ ಉಳಿಯಲಿ ಅಂತಾರಾ?

ಹಳೇ ಕ್ಯಾಸೆಟ್

ನಿಮಗೆ ಆದದ್ದು ಓದಿ ಬೇಜಾರಾಯಿತು ಮೇಡಂ.

ಇದರಲ್ಲಿ ನಮ್ಮ ಮನೆಯೊಳಗೇ ಎರಡು ಪಾಲಾಗಿದೆ. ನನಗೆ ಹೆಮ್ಮೆ ಕೊಟ್ಟ ಸುದ್ದಿ ಮೊದಲು ಹೇಳುತ್ತೇನೆ. ಟೆನೆಸಿ ರಾಜ್ಯ, ಕಂಟ್ರಿ ಸಂಗೀತದ ತವರು, ಅಲ್ಲಿ ರಿಪಬ್ಲಿಕನ್ನರದೇ ಸರ್ಕಾರ. 2024ರ ಮಾರ್ಚ್‌ನಲ್ಲಿ ಅವರು ಎಲ್ವಿಸ್ ಹೆಸರಿನ ಕಾನೂನು ತಂದರು. ಒಬ್ಬರ ದನಿಯನ್ನು ಅವರ ಒಪ್ಪಿಗೆ ಇಲ್ಲದೆ ಯಂತ್ರದಿಂದ ನಕಲು ಮಾಡಿಸುವುದನ್ನು ಆ ಕಾನೂನು ತಡೆಯುತ್ತದೆ. ಎರಡೂ ಪಕ್ಷದವರು ಒಂದೇ ದನಿಯಲ್ಲಿ ಒಪ್ಪಿದರು. ಗವರ್ನರ್ ಬಿಲ್ ಲೀ ಅದಕ್ಕೆ ಸಹಿ ಹಾಕಿದ್ದು ಕಚೇರಿಯಲ್ಲಲ್ಲ, ನ್ಯಾಶ್‌ವಿಲ್‌ನ ಹಾಡುಗಾರರು ದಿನಾ ಹಾಡುವ ಒಂದು ಹಳೆಯ ಜಾಗದಲ್ಲಿ.

ಮರುವರ್ಷ ಅದಕ್ಕೇ ಕುತ್ತು ಬಂತು. 2025ರಲ್ಲಿ ಟ್ರಂಪ್ ಅವರ ದೊಡ್ಡ ಬಜೆಟ್ ಮಸೂದೆಯಲ್ಲಿ, ಕೃತಕ ಬುದ್ಧಿಮತ್ತೆಯ ಮೇಲೆ ರಾಜ್ಯಗಳು ಹತ್ತು ವರ್ಷ ಕಾನೂನು ಮಾಡಬಾರದು ಅನ್ನುವ ಅಂಶ ಸೇರಿಕೊಂಡಿತ್ತು. ದೊಡ್ಡ ತಂತ್ರಜ್ಞಾನ ಕಂಪನಿಗಳಿಗೆ ಹಬ್ಬ. ಟೆನೆಸಿಯ ರಿಪಬ್ಲಿಕನ್ ಸೆನೆಟರ್ ಮಾರ್ಷಾ ಬ್ಲ್ಯಾಕ್‌ಬರ್ನ್ ಅದನ್ನು ವಿರೋಧಿಸಿ ಮುಂದೆ ನಿಂತರು. ಜುಲೈ 1ರಂದು ಸೆನೆಟ್ ಅದನ್ನು ಕಿತ್ತು ಹಾಕಿತು. ಮತ ಎಷ್ಟು ಗೊತ್ತಾ? 99ಕ್ಕೆ 1. ಈ ಕಾಲದಲ್ಲಿ ಅಲ್ಲಿ ಎರಡೂ ಪಕ್ಷ ಹಾಗೆ ಒಂದಾಗುವುದು ಅಪರೂಪ.

ಬ್ರಿಟನ್‌ನಲ್ಲಿ ಕಥೆ ಬೇರೆ ಆಯಿತು. 2025ರ ಫೆಬ್ರವರಿಯಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು ಸೇರಿ ಹಾಡೇ ಇಲ್ಲದ ಆಲ್ಬಂ ತಂದರು. ಖಾಲಿ ಸ್ಟುಡಿಯೋಗಳ ಸದ್ದು ಮಾತ್ರ. ಯಂತ್ರಕ್ಕೆ ನಮ್ಮ ಕೃತಿ ತಿನ್ನಿಸಬೇಡಿ ಅಂತ ಹೇಳಲು. ಮೇಲ್ಮನೆಯಲ್ಲಿ ಕನ್ಸರ್ವೇಟಿವ್ ಸದಸ್ಯರು ಕೂಡ ಕಲಾವಿದರ ಪರ ಮತ ಹಾಕಿದರು. ಲೇಬರ್ ಸರ್ಕಾರ ಮಣಿಯಲಿಲ್ಲ. ಜೂನ್‌ನಲ್ಲಿ ದತ್ತಾಂಶ ಬಳಕೆಯ ಮಸೂದೆ ಕಲಾವಿದರು ಕೇಳಿದ ರಕ್ಷಣೆ ಇಲ್ಲದೆಯೇ ಕಾನೂನಾಯಿತು.

ನನ್ನ ನಿಲುವು ಮುಚ್ಚುಮರೆ ಇಲ್ಲದ್ದು. ಕೇಳದೆ ತೆಗೆದುಕೊಂಡರೆ ಅದು ಕಳವು. ಕಂಪನಿ ಎಷ್ಟೇ ದೊಡ್ಡದಾದರೂ, ಅದು ನಮ್ಮ ಪಕ್ಷಕ್ಕೆ ಎಷ್ಟೇ ಹತ್ತಿರ ಇದ್ದರೂ.

ಕೊಳಲು ಕಲಿಸುವವಳು

ಹಾಗಾದರೆ ಇನ್ನೊಂದನ್ನೂ ಸೇರಿಸಿಕೊಳ್ಳಿ. ಅಮೆರಿಕದಲ್ಲಿ ಎಫ್‌ಎಂ ರೇಡಿಯೋ ಹಾಡು ಹಾಕಿದರೆ ಬರೆದವರಿಗೆ ದುಡ್ಡು ಹೋಗುತ್ತದೆ, ಹಾಡಿದವರಿಗೆ, ನುಡಿಸಿದವರಿಗೆ ಏನೂ ಇಲ್ಲ. ಇಂಟರ್ನೆಟ್, ಉಪಗ್ರಹ, ಕೇಬಲ್ ರೇಡಿಯೋದವರಾದರೆ ಕೊಡಬೇಕು. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಎಲ್ಲರಿಗೂ ಸಿಗುತ್ತದೆ. ಇದನ್ನು ಸರಿಮಾಡುವ ಮಸೂದೆ 2021ರಿಂದ ಅಲ್ಲಿನ ಸಂಸತ್ತಿನ ಮುಂದೆ ಬರುತ್ತಲೇ ಇದೆ. ಅದರಲ್ಲೂ ಬ್ಲ್ಯಾಕ್‌ಬರ್ನ್ ಹೆಸರಿದೆ. ಅಡ್ಡ ನಿಂತವರಲ್ಲಿ ಎರಡೂ ಪಕ್ಷದವರಿದ್ದಾರೆ, ಸಣ್ಣ ಊರಿನ ರೇಡಿಯೋ ಮುಚ್ಚಿಹೋಗುತ್ತದೆ ಅಂತ ಅವರ ವಾದ. ಆದರೆ ಸಣ್ಣ ಸ್ಟೇಷನ್‌ಗಳಿಗೆ ತೀರಾ ಕಡಿಮೆ ದರ ಅಂತ ಮಸೂದೆಯಲ್ಲೇ ಬರೆದಿದೆ.

ಲೆಕ್ಕದ ಪುಸ್ತಕ

ಎಲ್ಲಾ ಸರಿ. ಆದರೆ ಆಸ್ತಿಹಕ್ಕಿನ ಮಾತು ಆಡುವಾಗ ತೆರಿಗೆ ಕಟ್ಟುವವರ ಆಸ್ತಿಯನ್ನೂ ನೆನಪಿಡಿ. ಬಾಖ್ ನಿಮಗಿಷ್ಟ, ಸಂತೋಷ. ನನ್ನ ತೆರಿಗೆಯಿಂದ ನಿಮಗೆ ಬಾಖ್ ಯಾಕೆ? 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ರೇಡಿಯೋ, ಟಿವಿಗೆ ಎರಡು ವರ್ಷಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ನನ್ನ ಪ್ರಕಾರ ತಡವಾಗಿಯಾದರೂ ಸರಿಯಾದ ಕೆಲಸ. ಕೇಳುವವರು ದುಡ್ಡು ಕೊಟ್ಟು ಕೇಳಲಿ. ಸುದ್ದಿಯಲ್ಲಿ ಒಂದೇ ಕಡೆ ವಾಲುವವರಿಗೆ ಎಲ್ಲರ ಜೇಬಿಂದ ಯಾಕೆ ಕೊಡಬೇಕು?

ಹಳೇ ಕ್ಯಾಸೆಟ್

ಇಲ್ಲಿ ನಾನು ಇನ್ನೂ ತೂಗಿ ನೋಡುತ್ತಿದ್ದೇನೆ. ಸುದ್ದಿಯ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಸಂಗೀತದ ವಿಷಯಕ್ಕೆ ಬಂದಾಗ ಕಾಲು ಎಳೆಯುತ್ತದೆ.

2023ರ ಮಾರ್ಚ್‌ನಲ್ಲಿ ಬಿಬಿಸಿ ತನ್ನ ಬಿಬಿಸಿ ಸಿಂಗರ್ಸ್ ತಂಡವನ್ನು ಮುಚ್ಚುತ್ತೇವೆ ಅಂದಿತು. 1924ರಲ್ಲಿ ಶುರುವಾದ ಗಾಯಕರ ತಂಡ, ನೂರು ತುಂಬಲು ಒಂದೇ ವರ್ಷ ಬಾಕಿ. ಜನ ಎದ್ದು ನಿಂತರು. ತಿಂಗಳೊಳಗೆ ಬಿಬಿಸಿ ಆ ನಿರ್ಧಾರ ತಡೆಹಿಡಿಯಿತು. ನಾನು ಆ ಸುದ್ದಿಯನ್ನು ದಿನಾ ಹುಡುಕಿ ಓದುತ್ತಿದ್ದೆ. ಒಂದು ಗಾಯಕರ ತಂಡ ಅಂದರೆ ಕಟ್ಟಡವಲ್ಲ, ಮುಚ್ಚಿ ಹತ್ತು ವರ್ಷದ ಮೇಲೆ ಬೀಗ ತೆಗೆಯುವುದಕ್ಕೆ. ಪಕ್ಕದವರ ಉಸಿರು ಕೇಳಿ ಹಾಡಲು ಕಲಿತವರು ಚದುರಿ ಹೋದರೆ ಹೋದಂತೆಯೇ. ಮಾರುಕಟ್ಟೆಗೆ ಬೆಲೆ ಗೊತ್ತಾಗುತ್ತದೆ, ಆದರೆ ಇನ್ನೂ ಹುಟ್ಟದ ಕೇಳುಗನ ಜೇಬು ಅದಕ್ಕೆ ಕಾಣುವುದಿಲ್ಲ.

ಅದೇ ಜುಲೈನ ಮತದಲ್ಲಿ ರಿಪಬ್ಲಿಕನ್ ಸೆನೆಟರ್‌ಗಳಾದ ಮರ್ಕೌಸ್ಕಿ ಮತ್ತು ಕಾಲಿನ್ಸ್ ಬೇಡ ಅಂದರು. ಅಲಾಸ್ಕಾದಂಥ ಕಡೆ ಹಳ್ಳಿಗಳಿಗೆ ಆ ರೇಡಿಯೋ ಬಿಟ್ಟರೆ ಬೇರೆ ದನಿ ಕಡಿಮೆ. ಸುದ್ದಿಯ ದುಡ್ಡು ನಿಲ್ಲಿಸಿ, ಹಳ್ಳಿಯ ಸ್ಟೇಷನ್ ಮತ್ತು ಸಂಗೀತಕ್ಕೆ ಒಂದು ಪಾಲು ಉಳಿಸಬಹುದಿತ್ತು ಅಂತ ನನಗನ್ನಿಸುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಕಡಿಯುವುದು ನಿಧಾನಕ್ಕೆ ಬದಲಿಸಬೇಕು ಅನ್ನುವವರ ದಾರಿಯಲ್ಲ.

ಲೆಕ್ಕದ ಪುಸ್ತಕ

ಬಾಖ್ ಅವರನ್ನು ಉಳಿಸಿದ್ದು ಸರ್ಕಾರ ಅಲ್ಲವಲ್ಲ.

ಹಳೇ ಕ್ಯಾಸೆಟ್

ಅದು ನಿಜ. ಬಾಖ್ 1750ರಲ್ಲಿ ತೀರಿಕೊಂಡ ಮೇಲೆ ಸಂತ ಮತ್ತಾಯನ ಸುವಾರ್ತೆಯ ಮೇಲೆ ಅವರು ಮಾಡಿದ ಆ ದೊಡ್ಡ ಕೃತಿ ಜನರ ಕಿವಿಗೆ ಬೀಳುವುದೇ ನಿಂತುಹೋಯಿತು. 1829ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಮತ್ತೆ ಎತ್ತಿದ್ದು ಸಂಗೀತ ರಚನೆಕಾರ ಮೆಂಡೆಲ್ಸನ್. ಆಗ ಅವರಿಗೆ ಇಪ್ಪತ್ತು ವರ್ಷ. ಅಜ್ಜಿ ಮಾಡಿಸಿಕೊಟ್ಟ ಪ್ರತಿ ಕೈಯಲ್ಲಿತ್ತು. ಹಾಡಿದ್ದು ಊರಿನ ಹವ್ಯಾಸಿಗಳ ಗಾಯನ ಸಂಘ, ಸಂಬಳಕ್ಕಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೂ ಗೊತ್ತಿಲ್ಲ, ಆದ್ದರಿಂದ ನಾನೇ ಕೊಡುತ್ತಿದ್ದೇನೆ.

ಎಡಗಡೆಯವಳು

ನಾನು ಅದನ್ನು ಕೇಳಿಯೇ ಇಲ್ಲ. ನನಗೆ ದೇವರಲ್ಲಿ ನಂಬಿಕೆಯೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇ ಕ್ಯಾಸೆಟ್

ಮೊದಲ ಹಾಡಿನಿಂದಲೇ ಶುರು ಮಾಡಿ, ಬಿಡಿ ತುಣುಕು ಬೇಡ. ಎರಡು ಗಾಯನ ತಂಡಗಳಿವೆ, ಎರಡು ವಾದ್ಯ ತಂಡಗಳಿವೆ. ಒಂದು ತಂಡ ನೋಡಿ ಅನ್ನುತ್ತದೆ, ಇನ್ನೊಂದು ಯಾರನ್ನು, ಹೇಗೆ ಅಂತ ಕೇಳುತ್ತದೆ. ಇವೆಲ್ಲದರ ಮೇಲೆ ಮಕ್ಕಳ ದನಿಯಲ್ಲಿ ಹಳೆಯ ಪ್ರಾರ್ಥನೆಯೊಂದು ಬೇರೆಯೇ ಎಳೆಯಾಗಿ ಬರುತ್ತದೆ. ಮೊದಲ ಸಲ ಆ ಎಳೆಯನ್ನು ಮಾತ್ರ ಹಿಡಿದುಕೊಂಡು ಹೋಗಿ. ಪೂರ್ತಿ ಕೃತಿ ಎರಡೂವರೆ ಗಂಟೆಗೂ ಜಾಸ್ತಿ, ಎರಡು ಭಾಗ ಇದೆ. ಒಂದು ಭಾಗ ಕೇಳಿ, ಮರುದಿನ ಇನ್ನೊಂದು. ಮಾತಿನ ಅರ್ಥ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಯೇಸುವಿನ ಶಿಷ್ಯ ಪೇತ್ರ ತನ್ನ ಗುರುವನ್ನು ಗೊತ್ತಿಲ್ಲ ಅಂದು, ಆಮೇಲೆ ಅಳುವ ಜಾಗ ಎರಡನೇ ಭಾಗದಲ್ಲಿದೆ. ಅದರ ಹಿಂದೆಯೇ ಒಂದು ವಯಲಿನ್ ಬರುತ್ತದೆ. ಅಲ್ಲಿ ಬೇರೆ ಏನೂ ಮಾಡಬೇಡಿ, ಸುಮ್ನೆ ಕೂತು ಕೇಳಿ. ಕೇಳಿದ ಮೇಲೆ ಹೇಗನ್ನಿಸಿತು ಬರೆಯಿರಿ. ಅದರ ಬದಲಿಗೆ ನಿಮ್ಮ ಇಷ್ಟದ ಒಂದನ್ನು ನನಗೆ ಹೇಳಿ, ಯಾರದ್ದಾದರೂ ಸರಿ, ಪೂರ್ತಿ ಕೇಳುತ್ತೇನೆ.